ಜೀನಿನೊಳಗಣ ಮರ

ಶಿಕಾರಿಪುರ, ಸೊರಬ ಸೀಮೆಗಳಲ್ಲಿ ಸಂಚರಿಸಿದವರಿಗೆ ವೀರಗಲ್ಲನ್ನು ಹೊಸದಾಗಿ ಪರಿಚಯ ಮಾಡಿಕೊಡಬೇಕಾದುದಿಲ್ಲ. ಕೆರೆಯ ಏರಿಯ ಮೇಲೆ, ಗುಡಿಯ ಅಂಗಳದಲ್ಲಿ, ಊರ ಮುಂದಣ ಮರದ ಬುಡದಲ್ಲಿ ಅವು ನಿಂತಿರುತ್ತವೆ. ಕೆಳಗಣ ಅಂಕಣದಲ್ಲಿ ಕಾಳಗ. ಅದರ ಮೇಲೆ ವೀರನನ್ನು ಎತ್ತಿಕೊಂಡೊಯ್ಯುವ ಅಪ್ಸರೆಯರು. ಎಲ್ಲಕ್ಕೂ ಮೇಲೆ ದೇವಸನ್ನಿಧಿ. ಕಾಳಗದ ಅಂಕಣದಲ್ಲಿ ಎಷ್ಟೋ ಕಡೆ ಕುದುರೆಯೇರಿದವನೊಬ್ಬನು ಕಾಣುತ್ತಾನೆ. ನಾವು ಅವನ ಕೈಯ ಕತ್ತಿಯನ್ನು ನೋಡುತ್ತೇವೆ, ಅವನ ಮುಡಿಯನ್ನು ನೋಡುತ್ತೇವೆ, ಪಟ್ಟಿಯ ಮೇಲಣ ಅಕ್ಷರಗಳಲ್ಲಿ ಅವನ ಹೆಸರನ್ನೂ ಅವನ ಒಡೆಯನ ಹೆಸರನ್ನೂ ಹುಡುಕುತ್ತೇವೆ. ಅವನು ಕುಳಿತಿರುವುದು ಯಾವುದರ ಮೇಲೆ ಎಂದು ಕೇಳುವವರು ವಿರಳ. ಈ ಹೊತ್ತು ನಾನು ಕೇಳಬೇಕೆಂದಿರುವುದು ಆ ಒಂದು ಪ್ರಶ್ನೆಯನ್ನೇ. ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ರಾವುತನು ಬರಿಯ ಪ್ರಯಾಣಿಕನಾಗಿದ್ದುದು ತಪ್ಪಿ, ಈಟಿ ಹಿಡಿದು ಶತ್ರುವಿನ ಮೇಲೆ ಬೀಳುವ ಬಲವಾದುದು ಅವನ ಕೆಳಗೆ ಮರದ ಚೌಕಟ್ಟೊಂದು ಸೇರಿದ ಮೇಲೆ. ಆ ಚೌಕಟ್ಟನ್ನು ಕೆತ್ತಿದವನ ಕೈಕೆಲಸವಿಲ್ಲದೆ ನಮ್ಮ ಎಷ್ಟೋ ಕಾಳಗಗಳು ನಡೆದಂತೆ ನಡೆಯುತ್ತಿರಲಿಲ್ಲ.

ಜೀನು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಚರ್ಮ; ಮೆರುಗು ಕೊಟ್ಟ ಚರ್ಮ, ಹಿತ್ತಾಳೆಯ ಬಿಲ್ಲೆ, ರೇಷ್ಮೆಯ ಕುಚ್ಚು. ಇವೆಲ್ಲ ಜೀನಿನ ಉಡುಪು. ಒಳಗೆ ಅದಕ್ಕೊಂದು ಅಸ್ಥಿಪಂಜರ ಉಂಟು, ಅದು ಮರದ್ದು. ಇಂಗ್ಲಿಷರು ಅದನ್ನು ‘ಟ್ರೀ’, ಅಂದರೆ ಮರವೆಂದೇ ಕರೆಯುತ್ತಾರೆ. ಸ್ಪೇನಿನವರು ಅದಕ್ಕೆ ಹೇಳುವ ‘ಫುಸ್ತೆ’ ಎಂಬ ಮಾತು ಕೋಲು ಎಂಬರ್ಥದ ಲ್ಯಾಟಿನ್ ಶಬ್ದದಿಂದ ಹುಟ್ಟಿದುದು. ನಾವೂ ಇದನ್ನು ಜೀನಿನ ಮರವೆಂದು ಕರೆಯೋಣ. ಇದರ ಮುಖ್ಯ ಅಂಗಗಳು ನಾಲ್ಕು: ಕುದುರೆಯ ಬೆನ್ನೆಲುಬಿನ ಎಡಕ್ಕೊಂದು ಬಲಕ್ಕೊಂದು ಮಲಗುವ ಎರಡು ಉದ್ದ ಹಲಗೆಗಳು, ಅವನ್ನು ಮುಂದುಗಡೆ ಜೋಡಿಸುವ ಒಂದು ಕಮಾನು, ಹಿಂದುಗಡೆ ಜೋಡಿಸುವ ಇನ್ನೊಂದು ಕಮಾನು. ಸವಾರನ ಭಾರವೆಲ್ಲ ಕಮಾನುಗಳಿಂದ ಹಲಗೆಗಳಿಗೆ ಇಳಿದು, ಬೆನ್ನಿನ ಎರಡು ಪಕ್ಕದ ಮಾಂಸಖಂಡಗಳ ಮೇಲೆ ಹರಡಿಕೊಳ್ಳಬೇಕು. ನಡುವಣ ಬೆನ್ನೆಲುಬಿಗೂ ಹೆಗಲ ಮೇಲಣ ಉಬ್ಬಿಗೂ ಏನೂ ತಗುಲಬಾರದು, ಅಲ್ಲಿ ಗಾಳಿಯಾಡಬೇಕು.

ಹೇಳುವುದಕ್ಕೆ ಸುಲಭ. ಆದರೆ ಕುದುರೆಯ ಬೆನ್ನು ಮೇಜಿನ ಹಾಗೆ ಸಮವಾದುದಲ್ಲ. ಅದು ಉದ್ದಕ್ಕೆ ತುಸು ತಗ್ಗಿ ಮತ್ತೆ ಏಳುತ್ತದೆ. ಹೆಗಲ ಬಳಿ ಕಡಿದಾಗಿಯೂ ಸೊಂಟದ ಕಡೆಗೆ ಹರವಾಗಿಯೂ ಇರುತ್ತದೆ. ಆದುದರಿಂದ ಹಲಗೆಯು ದೋಣಿಯ ತಳದಂತೆ ಬಾಗಿರಬೇಕು, ಬಾಗಿದುದಲ್ಲದೆ ಮುಂದಿನಿಂದ ಹಿಂದಕ್ಕೆ ಸ್ವಲ್ಪ ತಿರುಚಿಕೊಂಡೂ ಇರಬೇಕು. ಎಡದ ಹಲಗೆಗೆ ಬಲದ ಹಲಗೆ ಕನ್ನಡಿಯ ಪ್ರತಿಬಿಂಬವಾಗಿರಬೇಕು. ನೂಲಿನೆಳೆಯಷ್ಟು ಹೆಚ್ಚುಕಡಿಮೆಯಾದರೂ ಹತ್ತು ಹರಿದಾರಿ ನಡೆಯುವಷ್ಟರಲ್ಲಿ ಕುದುರೆ ಅದನ್ನು ಕಂಡುಹಿಡಿಯುತ್ತದೆ. ಕಮಾನು ಇಕ್ಕಟ್ಟಾದರೆ ಹೆಗಲನ್ನು ಹಿಸುಕುತ್ತದೆ. ಅಗಲವಾದರೆ ಕೆಳಕ್ಕಿಳಿದು ಬೆನ್ನೆಲುಬಿನ ಮೇಲೆಯೇ ಕೂರುತ್ತದೆ. ಅರಬ್ಬೀ ಕುದುರೆಯ ಗಿಡ್ಡ ಬೆನ್ನಿಗೆ ಹೊಂದಿದುದು ಬೇರೊಂದು ತಳಿಯ ನೀಳ ಬೆನ್ನಿಗೆ ಹೊಂದದು. ಬಾಚಿಯಿಂದ ಒರಟಾಗಿ ತೆಗೆದು, ಉಳಿಯಿಂದ ತಿದ್ದಿ, ಅಂಗೈಯಿಂದ ಸವರಿ ನೋಡುತ್ತ ಮಾಡುವ ಕೆಲಸವಿದು. ಕಣ್ಣಿಗಿಂತ ಕೈಗೆ ಇಲ್ಲಿ ಹೆಚ್ಚು ಬುದ್ಧಿ ಬೇಕು.

ಮರವೊಂದೇ ಆದರೆ ಅದು ಬಿರಿಯುತ್ತದೆ. ಅದನ್ನು ಕಾಪಾಡುವುದು ಹಸಿ ತೊಗಲು. ಹದ ಮಾಡದ ತೊಗಲನ್ನು ನೀರಿನಲ್ಲಿ ನೆನೆಯಿಟ್ಟು, ಮೆತ್ತಗಾದ ಮೇಲೆ ಜೀನಿನ ಮರದ ಸುತ್ತಲೂ ಎಳೆದು ಹೊದಿಸಿ, ತೊಗಲಿನ ದಾರದಿಂದಲೇ ಹೊಲಿದು, ನೆರಳಿನಲ್ಲಿ ಮೆಲ್ಲನೆ ಆರಲು ಬಿಡುತ್ತಾರೆ. ಆರಿದಂತೆಲ್ಲ ಅದು ಸೆಟೆದು ಬಿಗಿದುಕೊಂಡು, ಸಂದುಗಳನ್ನೆಲ್ಲ ಒಂದಾಗಿ ಹಿಡಿಯುತ್ತದೆ. ಮರವೂ ತೊಗಲೂ ಸೇರಿ ಮರಕ್ಕಿಂತ ಗಟ್ಟಿಯಾದ, ಕಬ್ಬಿಣಕ್ಕಿಂತ ಹಗುರವಾದ ಒಂದು ವಸ್ತುವಾಗುತ್ತದೆ. ಅವಸರಪಟ್ಟು ಬಿಸಿಲಿಗಿಟ್ಟರೆ ತೊಗಲಿನ ಎಳೆತಕ್ಕೆ ಚೌಕಟ್ಟೇ ಸೊಟ್ಟಗಾಗುವುದು. ಡೊಳ್ಳನ್ನಾಗಲಿ ಮದ್ದಳೆಯನ್ನಾಗಲಿ ಮುಚ್ಚುವುದನ್ನು ಕಂಡವರಿಗೆ ಈ ತತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರದ ಮೇಲೆ ತೊಗಲನ್ನು ಬಿಗಿಯುವ ವಿದ್ಯೆ ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ.

ಇನ್ನು ಚರಿತ್ರೆಯ ಮಾತು. ಮನುಷ್ಯನು ಕುದುರೆಯನ್ನೇರಿದ ಎಷ್ಟೋ ಶತಮಾನಗಳವರೆಗೆ ಈ ಮರವಿರಲಿಲ್ಲ. ಸೈಬೀರಿಯದ ಪಾಜಿರಿಕ್ ಎಂಬಲ್ಲಿ ಹಿಮದಲ್ಲಿ ಹೂತು ಉಳಿದ ಸುಮಾರು 2,300 ವರ್ಷಗಳ ಹಿಂದಿನ ಜೀನುಗಳು ದೊರೆತಿವೆ. ಅವು ಬೆನ್ನೆಲುಬಿನ ಎರಡು ಕಡೆ ಜಿಂಕೆ ಮೊದಲಾದವುಗಳ ಕೂದಲನ್ನು ತುಂಬಿದ ಜೋಡಿ ಮೆತ್ತೆಗಳು. ಮುಂದೆಯೂ ಹಿಂದೆಯೂ ಚಿಕ್ಕ ಮರದ ಬಿಲ್ಲುಗಳು ಇವೆಯಾದರೂ ಅವನ್ನು ಕೂಡಿಸುವ ಹಲಗೆಗಳಿಲ್ಲ. ನಮ್ಮ ದೇಶದಲ್ಲಿ ಸಾಂಚಿ, ಭಾಜಾ ಮುಂತಾದ ಕಡೆಯ ಪ್ರಾಚೀನ ಶಿಲ್ಪಗಳಲ್ಲಿ ಸವಾರನು ಪಟ್ಟಿಯ ಕುಣಿಕೆಯೊಂದಕ್ಕೆ ಪಾದವನ್ನು ಸಿಕ್ಕಿಸಿಕೊಂಡಿರುವುದು ಕಾಣುತ್ತದೆ. ಅದು ಕುಳಿತವನಿಗೆ ಒಂದು ಆಸರೆಯೇ ಹೊರತು, ಎದ್ದು ನಿಲ್ಲಬಲ್ಲ ನೆಲೆಯಲ್ಲ.

ಇಲ್ಲಿ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಮಾತು ಬರುತ್ತದೆ. ಅಲ್ಲಿಯ ಪ್ರಣವೇಶ್ವರ ದೇವಾಲಯದ ಮುಂದಣ ಕಂಬದ ಮೇಲೆ, 5ನೆಯ ಶತಮಾನದಲ್ಲಿ, ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಶಾಸನವುಂಟು. ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ವೇದಾಧ್ಯಯನಕ್ಕಾಗಿ ಕಂಚಿಗೆ ಹೋದುದನ್ನೂ, ಅಲ್ಲಿ ಘೋರವಾದ ಒಂದು ಕಲಹದಿಂದ ಕೆರಳಿ, ದರ್ಭೆ ಸಮಿತ್ತುಗಳನ್ನು ಹಿಡಿಯುತ್ತಿದ್ದ ಕೈಯಿಂದ ಕತ್ತಿಯನ್ನು ಹಿರಿದುದನ್ನೂ ಅದು ಹೇಳುತ್ತದೆ. ಕಲಹ ಯಾರೊಡನೆ? ಶಾಸನದ ಮಾತು ‘ಪಲ್ಲವಾಶ್ವಸಂಸ್ಥ’. ಪಲ್ಲವರ ರಾವುತನೊಬ್ಬನೊಡನೆ ಎಂದು ಅದಕ್ಕೆ ಅರ್ಥ ಹೇಳಿದ್ದಾರೆ. ಬೇರೆ ಅರ್ಥ ಹೇಳುವ ವಿದ್ವಾಂಸರೂ ಉಂಟು. ಮೊದಲನೆಯ ಅರ್ಥವನ್ನು ಒಪ್ಪುವುದಾದರೆ, ಕದಂಬ ರಾಜ್ಯದ ಹುಟ್ಟಿಗೆ ಕಾರಣನಾದವನು ಒಬ್ಬ ಕುದುರೆಯ ಸವಾರ! ಆ ಸವಾರನನ್ನು ನಾವು ಕಲ್ಪಿಸಿಕೊಳ್ಳುವಾಗ ಸಿನಿಮಾದವರು ತೋರಿಸುವ ಎತ್ತರದ ಜೀನನ್ನೂ ಹೊಳೆಯುವ ಅಂಕವಣೆಯನ್ನೂ ಅವನಿಗೆ ಕೊಡಬಾರದು. ತಾಳಗುಂದದ ಕಂಬ ನಿಂತ ಶತಮಾನದಲ್ಲಿಯೇ ಬರೆದ ಅಜಂತೆಯ ಚಿತ್ರಗಳಲ್ಲಿ ರಾವುತರ ಕಾಲುಗಳು ಅಂಕವಣೆಯಿಲ್ಲದೆ ಇಳಿಬಿದ್ದಿವೆ. ಬಟ್ಟೆಯ ಮೆತ್ತೆ, ಅದನ್ನು ಬಿಗಿಯುವ ಹೊಟ್ಟೆಪಟ್ಟಿ, ಕಡಿವಾಣ ಇಷ್ಟೇ ಆ ಕಾಲದ ಸವಾರನ ಸಜ್ಜು. ಉಳಿದುದೆಲ್ಲ ಅವನ ತೊಡೆಯ ಬಲ.

ಅಂಕವಣೆ ಎಂಬ ಮಾತನ್ನು ಆಡಿದೆ. ಸವಾರನು ಪಾದವಿಡುವ ಬಳೆಗೆ ನಮ್ಮ ಹಳೆಯ ಕನ್ನಡದ ಹೆಸರು ಅದು. ಈಗ ರಿಕಾಪು ಎನ್ನುತ್ತೇವೆ. ಜೋಡಿ ಅಂಕವಣೆಯು 4ನೆಯ ಶತಮಾನದ ಚೀನದ ಗೋರಿಗಳಲ್ಲಿ ಕಾಣಿಸಿಕೊಂಡು, ಅಲೆಮಾರಿ ಜನಗಳ ಮೂಲಕ ಪಶ್ಚಿಮಕ್ಕೆ ಹರಡಿತು. ಅಮೆರಿಕದ ವಿದ್ವಾಂಸ ಲಿನ್ ವೈಟ್ ಎಂಬುವರು 1962ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ, ಯುರೋಪಿನ ಊಳಿಗಮಾನ್ಯ ಸಮಾಜವೇ ಈ ಬಳೆಯಿಂದ ಹುಟ್ಟಿತೆಂದು ವಾದಿಸಿದರು. ಅಷ್ಟು ದೊಡ್ಡ ಸಮಾಜವನ್ನು ಅಷ್ಟು ಚಿಕ್ಕ ಬಳೆಗೆ ತೂಗುಹಾಕಬಾರದೆಂದು ಆಮೇಲಿನವರು ಆಕ್ಷೇಪಿಸಿದರು. ನೀಳವಾದ ಈಟಿಯ ಏಟಿನ ಹಿನ್ನೂಕನ್ನು ತಾಳುವುದಕ್ಕೆ ಅಂಕವಣೆಗಿಂತ ಜೀನಿನ ಹಿಂದಣ ಎತ್ತರದ ಕಮಾನೇ ಹೆಚ್ಚು ಸಹಾಯವೆಂದೂ ತೋರಿಸಿದರು. ನನಗೂ ಇದೇ ಸರಿಯೆಂದು ತೋರುತ್ತದೆ. ಮೆತ್ತೆಯ ಮೇಲಿಂದ ಬಾರನ್ನು ಇಳಿಬಿಟ್ಟು ಅದಕ್ಕೆ ಬಳೆ ಕಟ್ಟಿ ಅದರಲ್ಲಿ ಎದ್ದು ನಿಂತರೆ ಆಗುವುದೇನು? ಇಡಿಯ ದೇಹದ ಭಾರ ಎರಡು ಬೆರಳಗಲದ ಬಾರಿನ ಮೂಲಕ ಕುದುರೆಯ ಬೆನ್ನೆಲುಬನ್ನು ಕೊಯ್ಯುತ್ತದೆ. ಬಾರನ್ನು ಮರದ ಹಲಗೆಗೆ ಬಿಗಿದಾಗ ಮಾತ್ರ ಅಂಕವಣೆ ಅಂಕವಣೆಯಾಗುತ್ತದೆ. ಆದುದರಿಂದ ಶಿಲ್ಪದಲ್ಲಿ ಅಂಕವಣೆಯ ಮೇಲೆ ಊರಿ ನಿಂತ ಸವಾರನನ್ನು ಕಂಡರೆ, ಅವನ ಕೆಳಗೆ ಶಿಲ್ಪಿ ತೋರಿಸದ ಮರವೊಂದಿದೆಯೆಂದು ಧೈರ್ಯವಾಗಿ ಹೇಳಬಹುದು.

ಅಂಥ ಸವಾರರು ನಮ್ಮಲ್ಲಿ ಹೊಯ್ಸಳ ಶಿಲ್ಪದಲ್ಲಿ ಬೇಕಾದಷ್ಟು ಸಿಕ್ಕುತ್ತಾರೆ. ಹಳೆಯಬೀಡಿನ ದೇವಾಲಯದ ತಳಪಟ್ಟಿಕೆಗಳಲ್ಲಿ ಆನೆ, ಸಿಂಹ, ಬಳ್ಳಿಗಳ ಸಾಲಿನ ಮೇಲೆ ಕುದುರೆಗಳ ಸಾಲು ಓಡುತ್ತದೆ. ಅಲ್ಲಿ ಅಂಕವಣೆಯೂ ಉಂಟು, ಮುಂದೆ ಹಿಂದೆ ಎದ್ದ ಪಲ್ಲಣವೂ ಉಂಟು. ಅದೇ ಕಾಲದಲ್ಲಿ ಶಿಕಾರಿಪುರದ ಸೀಮೆಯೂ ಕುದುರೆಯ ಗೊರಸಿಗೆ ಅಪರಿಚಿತವಾಗಿರಲಿಲ್ಲ. ತಾಳಗುಂದಕ್ಕೆ ಕೆಲವೇ ಮೈಲಿ ದೂರದ ಬಳ್ಳಿಗಾವೆಯು ಬನವಾಸಿ ಹನ್ನೆರಡು ಸಾಸಿರದ ರಾಜಧಾನಿ. ಕಲ್ಯಾಣದ ಚಾಳುಕ್ಯರ ದಂಡನಾಯಕರು ಅಲ್ಲಿದ್ದು ಆಳಿದರು. ಆ ವಂಶದ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ವು ಕುದುರೆಗಳ ಲಕ್ಷಣವನ್ನಲ್ಲದೆ ಕುದುರೆಯೇರಿ ಆಡುವ ಚೆಂಡಾಟವನ್ನೂ ವರ್ಣಿಸುತ್ತದೆ. ಓಡುವ ಕುದುರೆಯ ಮೇಲಿಂದ ಬಾಗಿ ನೆಲದ ಚೆಂಡನ್ನು ಹೊಡೆಯುವುದು ಮೆತ್ತೆಯ ಮೇಲೆ ಜಾರುತ್ತ ಮಾಡುವ ಕೆಲಸವಲ್ಲ. ತಾಳಗುಂದದ ಕಂಬಕ್ಕೂ ಬಳ್ಳಿಗಾವೆಯ ಗುಡಿಗಳಿಗೂ ನಡುವೆ ಸುಮಾರು ಆರುನೂರು ವರ್ಷ. ಕೆಲವೇ ಮೈಲಿಗಳ ಆ ದಾರಿಯಲ್ಲಿ ಕುದುರೆಯ ಬೆನ್ನಿನ ಚರಿತ್ರೆಯೇ ತಿರುಗಿತು.

ಮಾತುಗಳು ಈ ತಿರುವನ್ನು ಹೇಗೆ ಹಿಡಿದಿಟ್ಟಿವೆ ನೋಡಿ. ಸಂಸ್ಕೃತದ ‘ಪರ್ಯಾಣ’ ಹಳಗನ್ನಡದಲ್ಲಿ ‘ಪಲ್ಲಣ’ವಾಯಿತು, ‘ಪಾಲು’ ‘ಹಾಲು’ ಆದಂತೆ ‘ಪಲ್ಲಣ’ ‘ಹಲ್ಲಣ’ವಾಯಿತು. ಆ ಬಳಿಕ ದಖನ್ನಿನ ಸುಲ್ತಾನರ, ಮರಾಠರ, ಹೈದರನ ದಂಡುಗಳೊಡನೆ ಬಂದ ಪಾರಸೀಕ ಮಾತುಗಳು ಹಳೆಯವನ್ನು ಮೂಲೆಗೊತ್ತಿದವು: ಜೀನು, ಲಗಾಮು, ರಿಕಾಪು. ಹಲ್ಲಣ ಕಾವ್ಯಕ್ಕೆ ನಿಂತಿತು. ಜೀನು ಲಾಯಕ್ಕೆ ಹೋಯಿತು. ಇವುಗಳ ಜೊತೆಗೆ ಬಂದ ಇನ್ನೆರಡು ಮಾತುಗಳನ್ನು ಗಮನಿಸಬೇಕು. ಚಾರಜಾಮ, ಖೋಗೀರ ಇವೆರಡೂ ಮರವಿಲ್ಲದ, ಬಟ್ಟೆಯನ್ನೋ ಉಣ್ಣೆಯನ್ನೋ ತುಂಬಿ ಹೊಲಿದ ಮೆತ್ತೆಯಂಥ ಜೀನಿನ ಹೆಸರುಗಳು. ಮರದ ಜೀನು ಬಂದ ಮೇಲೂ ಮೆತ್ತೆಯ ಜೀನು ಹೋಗಲಿಲ್ಲವೆಂಬುದಕ್ಕೆ ಈ ಮಾತುಗಳೇ ಸಾಕ್ಷಿ. ಅದು ಅಗ್ಗ, ಹೊಸ ಕುದುರೆಗೆ ಬದಲಿಸಿದರೂ ತಕ್ಕಮಟ್ಟಿಗೆ ಹೊಂದಿಕೊಳ್ಳುತ್ತದೆ, ಹರಿದರೆ ಹೆಂಡತಿಯೋ ತಾಯಿಯೋ ಹೊಲಿದುಕೊಟ್ಟಾರು. ಬಡ ಸವಾರನಿಗೆ ಇನ್ನೇನು ಬೇಕು?

ಕುದುರೆಯಾದರೋ ಬಡವನ ವಸ್ತುವಲ್ಲ. ಒಳ್ಳೆಯ ಕುದುರೆಗಳು ಸಮುದ್ರದ ಮೇಲೆ ಬರುತ್ತಿದ್ದವು. ವಿಜಯನಗರದ ಅರಸನು ವರ್ಷಕ್ಕೆ 13,000 ಹೊರ್ಮುಜಿನ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು 16ನೆಯ ಶತಮಾನದ ಪೋರ್ಚುಗೀಸ್ ವರ್ತಕ ನೂನಿಜನು ಬರೆದಿದ್ದಾನೆ. ಲೆಕ್ಕದಲ್ಲಿ ಅತಿಶಯವಿದ್ದರೂ ಇರಲಿ. ವ್ಯಾಪಾರ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಭಟ್ಕಳದಂಥ ರೇವುಗಳಲ್ಲಿ ಇಳಿದ ಕುದುರೆ ಘಟ್ಟವನ್ನು ಹತ್ತಿಯೇ ಮೇಲಣ ಸೀಮೆಗೆ ಬರಬೇಕು. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ದುರ್ಗಕ್ಕೆ ವಿಜಯನಗರದವರು ಅಷ್ಟು ಬೆಲೆ ಕೊಟ್ಟು, 14ನೆಯ ಶತಮಾನದಲ್ಲಿ ಮಾಧವಮಂತ್ರಿಯಂಥವನನ್ನು ಅಲ್ಲಿರಿಸಿದುದಕ್ಕೆ ಕರಾವಳಿಯ ದಾರಿಗಳ ಕಾವಲೂ ಒಂದು ಕಾರಣವಿರಬೇಕೆಂದು ನನ್ನ ಎಣಿಕೆ. ಹೀಗೆ ಬಂದ ಕುದುರೆಗೆ ಮದ್ದು ಮಾಡುವುದೂ ಒಂದು ಶಾಸ್ತ್ರವಾಗಿ ಬೆಳೆಯಿತು. 17ನೆಯ ಶತಮಾನದಲ್ಲಿ ಮೈಸೂರಿನ ಚಾಮರಾಜ ಒಡೆಯರ ಆಶ್ರಯದಲ್ಲಿ ಪದ್ಮಣಪಂಡಿತನು ‘ಹಯಸಾರಸಮುಚ್ಚಯ’ವೆಂಬ ಗ್ರಂಥವನ್ನೇ ಬರೆದನು. ಕುದುರೆಯ ವೈದ್ಯನಿಗೆ ಗ್ರಂಥವಾಯಿತು, ಸವಾರನಿಗೆ ಕಲ್ಲಾಯಿತು. ಜೀನಿನ ಮರವನ್ನು ಕೆತ್ತಿದವನಿಗೆ ಮಾತ್ರ ಎರಡೂ ಆಗಲಿಲ್ಲ.

ಜೀನಿನ ಮರ ಅತ್ತ ಪಶ್ಚಿಮದಲ್ಲಿ ಇನ್ನೊಂದು ಜನ್ಮ ತಾಳಿತು. ಅರಬ್ಬರೂ ಉತ್ತರ ಆಫ್ರಿಕದ ಬರ್ಬರರೂ ಸ್ಪೇನಿಗೆ ಒಯ್ದ ಸವಾರಿಯ ಪದ್ಧತಿಯನ್ನು ಸ್ಪೇನಿನವರು 16ನೆಯ ಶತಮಾನದಲ್ಲಿ ಮೆಕ್ಸಿಕೋ ದೇಶಕ್ಕೆ ಒಯ್ದರು. ಅಲ್ಲಿ ಸವಾರನ ಎದುರಾಳಿ ಮನುಷ್ಯನಲ್ಲ, ಬಯಲಿನಲ್ಲಿ ಕಾಡುಬಿದ್ದು ಬೆಳೆದ ದನ. ಓಡುವ ಹೋರಿಯ ಕೊಂಬಿಗೆ ಹಗ್ಗದ ಕುಣಿಕೆ ಎಸೆದು, ಹಗ್ಗದ ತುದಿಯನ್ನು ಯಾವುದಕ್ಕಾದರೂ ಸುತ್ತಬೇಕಲ್ಲವೆ? ಅದಕ್ಕಾಗಿ ಮುಂದಣ ಕಮಾನಿನ ಮೇಲೆ ಮರದ ಕೊಂಬೊಂದು ಮೂಡಿತು. ಅಮೆರಿಕದ ದನಗಾಹಿಗಳ ಜೀನು, ಅಂದರೆ ‘ವೆಸ್ಟರ್ನ್ ಸ್ಯಾಡಲ್’ ಎಂದು ಹೆಸರಾದುದು, ಇದರ ಸಂತಾನ. ಹತ್ತಾರು ಮಣ ತೂಗುವ ಹೋರಿ ಹಗ್ಗದ ತುದಿಯಲ್ಲಿ ಹಠಾತ್ತಾಗಿ ನಿಂತಾಗ ಬೀಳುವ ಜಗ್ಗುವಿಕೆಯೆಲ್ಲ ಆ ಕೊಂಬಿನಿಂದ ಕಮಾನಿಗೆ, ಕಮಾನಿನಿಂದ ಹಲಗೆಗೆ, ಹಲಗೆಯಿಂದ ಕುದುರೆಯ ಮೈಗೆ ಇಳಿಯುತ್ತದೆ. ಆದುದರಿಂದ ಜೀನಿನ ಮರವನ್ನು ಮಾಡುವುದೇ ಅಲ್ಲಿ ಪ್ರತ್ಯೇಕ ಕಸಬಾಯಿತು. ಮರ ಮಾಡುವವನು ಒಬ್ಬ, ಅದರ ಮೇಲೆ ಚರ್ಮ ಹಾಕುವವನು ಇನ್ನೊಬ್ಬ. ಮೈಸೂರಿನಲ್ಲಿಯೂ ಅಮೃತಮಹಲಿನ ದನಗಳ ಹಿಂಡುಗಳು ಬಯಲಲ್ಲಿ ಮೇಯುತ್ತಿದ್ದವು. ಆದರೆ ನಮ್ಮ ದನಗಾಹಿ ಕಾಲುನಡಿಗೆಯವನು. ಅವನ ಆಯುಧ ಕೋಲು ಮತ್ತು ಕೂಗು. ಕೊಂಬಿನ ಜೀನಿಗೆ ಇಲ್ಲಿ ಕೆಲಸವಿರಲಿಲ್ಲ.

ಮತ್ತೆ ಶಿಕಾರಿಪುರಕ್ಕೆ ಬರೋಣ. ಊರಿನ ಮೊದಲಿನ ಹೆಸರು ಮಲಿಯನಹಳ್ಳಿಯೆಂದೂ, ಕೆಳದಿಯವರ ಕಾಲದಲ್ಲಿ ಮಹಾದಾನಪುರವಾಯಿತೆಂದೂ, ಹೈದರನೋ ಟಿಪ್ಪುವೋ ಇಲ್ಲಿ ಬೇಟೆಯಾಡಿದ ಬಳಿಕ ಶಿಕಾರಿಪುರವಾಯಿತೆಂದೂ ಐತಿಹ್ಯ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ಹೊರಬಿದ್ದ ಧೋಂಡಿಯ ವಾಘನು, ಕೆಲಸ ತಪ್ಪಿದ ಟಿಪ್ಪುವಿನ ಸವಾರರನ್ನು ಕೂಡಿಸಿಕೊಂಡು ಈ ಸೀಮೆಗೆ ನುಗ್ಗಿದನು. ಆ ವರ್ಷದ ಆಗಸ್ಟಿನಲ್ಲಿ ಶಿಕಾರಿಪುರದ ಬಳಿ ಇಂಗ್ಲಿಷರ ಪಡೆ ಅವನ ದಂಡನ್ನು ಮುರಿಯಿತು. ಅವನು ತುಂಗಭದ್ರೆಯಾಚೆಗೆ ಹೋಗಿ ಮತ್ತೆ ದೊಡ್ಡ ದಂಡು ಕಟ್ಟಿದನು; 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಬಳಿ ಕರ್ನಲ್ ವೆಲ್ಲೆಸ್ಲಿಯು ನಾಲ್ಕು ರೆಜಿಮೆಂಟು ಅಶ್ವದಳವನ್ನು ಒಂದೇ ಸಾಲಾಗಿ ನಿಲ್ಲಿಸಿ ಮೇಲೆ ಬಿದ್ದು ಅವನನ್ನು ಕೊಂದನು. ಹಗುರ ಸಜ್ಜಿನ ಸವಾರ ಚದರಿ ಓಡುವುದರಲ್ಲಿ ನಿಪುಣ. ಒಂದೇ ಸಾಲಾಗಿ ಮೈಗೆ ಮೈ ತಾಗಿಸಿ ಬರುವ ಆಘಾತವನ್ನು ನಿಂತು ತಡೆಯುವುದು ಅವನ ಯುದ್ಧವಲ್ಲ. ಸೋಲಿಗೆ ಜೀನೇ ಕಾರಣವೆಂದು ಹೇಳಿದರೆ ನಗೆಪಾಟಲಾದೀತು. ಆದರೆ ಯುದ್ಧದ ಪದ್ಧತಿಯೂ ಕೂರುವ ಪದ್ಧತಿಯೂ ಜೊತೆಜೊತೆಯಾಗಿ ನಡೆಯುತ್ತವೆಂಬುದನ್ನು ಮರೆಯಬಾರದು.

ಆಮೇಲೆ ಮೈಸೂರು ಸಂಸ್ಥಾನವು 4,000 ಸಿಲೇದಾರ್ ಸವಾರರನ್ನು ಇಟ್ಟಿರಬೇಕೆಂದು 1807ರಲ್ಲಿ ಒಪ್ಪಂದವಾಯಿತು. ಸಿಲೇದಾರನೆಂದರೆ ಕುದುರೆಯನ್ನೂ ಆಯುಧವನ್ನೂ ಸಜ್ಜನ್ನೂ ತಾನೇ ತರುವವನು. ಸರಕಾರ ಕೊಡುವುದು ಸಂಬಳ ಮಾತ್ರ. ಎಂದ ಮೇಲೆ ಅವನ ಜೀನು ಅವನ ಸೀಮೆಯ ಬಡಗಿಯ ಮತ್ತು ಜೀನಗಾರನ ಅಂಗಡಿಯದು. ಈ ವ್ಯವಸ್ಥೆ ಇದ್ದಷ್ಟು ದಿನ ಅವರಿಗೆ ಅನ್ನವಿತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಕಾನ್ಪುರದಲ್ಲಿ ಸರಕಾರದ ಜೀನಿನ ಕಾರಖಾನೆ ಬೆಳೆಯಿತು. ಬ್ರಿಟಿಷ್ ಸೈನ್ಯದ ಜೀನಿಗೆ ಉಕ್ಕಿನ ಕಮಾನು, ಅದರ ಕೆಳಗೆ ಮರದ ಹಲಗೆ ಎಂಬ ಮಾದರಿ ಗೊತ್ತಾಯಿತು. ಒಂದು ಅಚ್ಚಿನಂತೆ ಸಾವಿರ. ಸವಾರ, ಕತ್ತಿ, ಮೇವು, ಕಂಬಳಿ ಸೇರಿ ದಂಡಿನ ಕುದುರೆ ಹೊರುತ್ತಿದ್ದ ಭಾರ ಸುಮಾರು 250 ಪೌಂಡು ಅಥವಾ ಇನ್ನೂ ಹೆಚ್ಚು. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ದಳವು ಜೋಧಪುರದವರೊಡನೆ ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ಗೆದ್ದಾಗ, ಮೈಸೂರಿನವರ ಒಂದು ಭಾಗ ಕಾರ್ಮೆಲ್ ಬೆಟ್ಟದ ಕಡಿದಾದ ದಾರಿಯನ್ನು ಹತ್ತಿ ಮೇಲಣ ಫಿರಂಗಿಗಳ ಮೇಲೆ ಬಿದ್ದಿತು. ಆ ಏರಿನಲ್ಲಿ ಜೀನು ಹಿಂದಕ್ಕೆ ಜಾರದಂತೆ ಹಿಡಿದವು ಹೊಟ್ಟೆಪಟ್ಟಿ, ಎದೆಪಟ್ಟಿ ಮತ್ತು ಹಲಗೆಗಳ ಹೊಂದಿಕೆ. 1950ರ ದಶಕದಲ್ಲಿ ಸಂಸ್ಥಾನಗಳ ಅಶ್ವದಳಗಳೆಲ್ಲ 61ನೆಯ ಕ್ಯಾವಲ್ರಿಯಲ್ಲಿ ಸೇರಿಹೋದವು. ಕಾನ್ಪುರದಲ್ಲಿ ಜೀನಿನ ಕೆಲಸ ಇಂದಿಗೂ ನಡೆದಿದೆ. ಅಲ್ಲಿಂದ ಹೊರದೇಶಗಳಿಗೆ ಹೋಗುವ ಸರಕಿನಲ್ಲಿ ಅಮೆರಿಕದ ಕೊಂಬಿನ ಜೀನೂ ಉಂಟು. ಅದರೊಳಗಿನ ಮರದ ಸ್ಥಾನಕ್ಕೆ ಎಷ್ಟೋ ವೇಳೆ ಗಾಜಿನ ನಾರಿನ ಅಚ್ಚು ಬಂದಿದೆ.

ನಮ್ಮ ಜೀನಗಾರನು ಏನಾದನು? ಹೆಸರೇ ಅವನ ಕಸಬನ್ನು ಹೇಳುತ್ತದೆ. 19ನೆಯ ಶತಮಾನದ ಕೊನೆಯ ಹೊತ್ತಿಗೆ ಮುಂಬಯಿ ಸರಕಾರ ಪ್ರಕಟಿಸಿದ ಗ್ಯಾಸೆಟಿಯರುಗಳನ್ನು ತೆರೆದರೆ, ದೇಶೀಯ ಜೀನಿಗೆ ಬೇಡಿಕೆ ಕುಗ್ಗಿದುದರಿಂದ ಜೀನಗಾರರು ಲೋಹದ ಎರಕ, ಕೆತ್ತನೆ, ಚಿತ್ರ ಮೊದಲಾದ ಕೆಲಸಗಳಿಗೆ ತಿರುಗಿದರೆಂಬ ವಿವರ ಕಾಣುತ್ತದೆ. ಮರ, ತೊಗಲು, ಲೋಹ, ಬಣ್ಣ ನಾಲ್ಕನ್ನೂ ಬಲ್ಲ ಕೈ ಬಹಳ ದಿನ ಬರಿದಾಗಿರುವುದಿಲ್ಲ. ಜೀನಗಾರರೂ ಚಿತ್ರಗಾರರೂ ಒಂದೇ ಎಂಬ ವಾಡಿಕೆ ನಮ್ಮಲ್ಲಿ ಹಲವೆಡೆ ಉಂಟು. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರವಾದ ಮರದಲ್ಲಿ ಬೊಂಬೆ ಮಾಡುತ್ತಾರೆ. ಅವರು ಮಾಡುವ ಬೊಂಬೆಗಳಲ್ಲಿ ಕುದುರೆಯೂ ಒಂದು.

ಸೊರಬದಲ್ಲಿಯೂ ಸಾಗರದಲ್ಲಿಯೂ ಗುಡಿಗಾರರುಂಟು. ಇವರು ಜೀನು ಮಾಡಿದವರೆಂದು ನಾನು ಹೇಳುತ್ತಿಲ್ಲ. ಇವರ ಖ್ಯಾತಿಯೆಲ್ಲ ಶ್ರೀಗಂಧದ ಕೆತ್ತನೆಯಿಂದ ಬಂದುದು. ಪೆಟ್ಟಿಗೆಯ ಮೈಯಲ್ಲಿ ಬಳ್ಳಿ ಹೆಣೆದು, ಬಳ್ಳಿಯ ನಡುವೆ ದೇವತೆಯನ್ನು ಕೂರಿಸಿ, ಉಗುರಿನಷ್ಟು ಜಾಗವನ್ನೂ ಖಾಲಿ ಬಿಡದ ಆ ಕೆಲಸ ಪ್ರದರ್ಶನಗಳಲ್ಲಿ ದೇಶವಿದೇಶದವರನ್ನು ಬೆರಗುಗೊಳಿಸಿತು. ಶ್ರೀಗಂಧ ದುರ್ಲಭವಾಗಿ ಬೆಲೆ ಏರಿದ ಮೇಲೆ ಅವರೂ ಬೇರೆ ಮರಗಳಿಗೆ ಕೈಹಾಕಿದ್ದಾರೆ. ಬೆಂಡಿನ ಬಾಸಿಂಗವನ್ನು ಮೊದಲಿನಿಂದಲೂ ಮಾಡುತ್ತಿದ್ದರು. ಒಂದೇ ಸೀಮೆಯ ಮರದ ಕೆಲಸ ಇವೆರಡು. ಗುಡಿಗಾರನ ಮರ ಎಲ್ಲರ ಕಣ್ಣೆದುರಿಗೆ ಇರುವುದಕ್ಕಾಗಿ ಹುಟ್ಟಿದುದು, ಅದನ್ನು ಕೊಂಡವನು ಗಾಜಿನ ಬೀರುವಿನಲ್ಲಿಟ್ಟು ಕಾಪಾಡಿದನು. ಜೀನಿನ ಮರ ತೊಗಲಿನೊಳಗೆ ಹುಟ್ಟಿ, ಬೆವರಿನಲ್ಲಿ ನೆನೆದು, ಕುದುರೆ ಸತ್ತ ಮೇಲೆ ಹಿತ್ತಿಲಲ್ಲಿ ಒಲೆಗೆ ಸೇರಿತು.

ಹುಬ್ಬಳ್ಳಿ ಧಾರವಾಡಗಳ ಕಡೆ ಚಿತ್ರಗಾರರ ಮನೆಗಳಲ್ಲಿ ಶ್ರಾವಣ ಕಳೆಯುವ ಹೊತ್ತಿಗೆ ಜೇಡಿಮಣ್ಣಿನ ಗಣಪತಿಗಳು ಸಾಲಾಗಿ ಕೂರುತ್ತವೆ. ಚೌತಿಯ ಹಿಂದಿನ ದಿನ ಮಣೆ ಹಿಡಿದು ಬರುವ ಗಿರಾಕಿಗಳಿಗೆ ಮೂರ್ತಿಯನ್ನು ಎತ್ತಿ ಕೊಡುವವರಲ್ಲಿ ಕೆಲವರ ಮನೆತನದ ಹೆಸರು ಇಂದಿಗೂ ಜೀನಗಾರ.